ಮೊದಲು ಸಕ್ಕರೆ, ಆಮೇಲೆ ಶಿಸ್ತು

ದೊಡ್ಡಬಳ್ಳಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಾಗಿ, ಟೈಪ್ 1 ಮಧುಮೇಹದ ಮಕ್ಕಳ ಜೊತೆ ಒಡನಾಡಿ ಕಲಿತದ್ದಿದು. ಇವರ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿರುತ್ತದೆ, ಚುಚ್ಚುಮದ್ದಿಲ್ಲದೆ ಬದುಕಿಲ್ಲ. ಆದರೆ ಶಾಲೆಯಲ್ಲಿ ಇವರನ್ನು ಹೆಚ್ಚು ಕಾಡುವುದು ನಮ್ಮ ‘ಕೇಳಿ ಹೋಗು, ಬೆಲ್ ಆಗಲಿ ಇರು’ ಎಂಬ ಶಿಸ್ತು.

1. ಶುಗರ್ ಲೋ ಆದಾಗ ಅನುಮತಿಗೆ ಕಾಯಿಸಬೇಡಿ. ಕೈ ನಡುಗುತ್ತದೆ, ಬೆವರುತ್ತದೆ. ಕೆಲವರು ಸುಮ್ಮಸುಮ್ಮನೆ ರೇಗುತ್ತಾರೆ, ಕೆಲವರು ಕರೆದರೂ ಓಗೊಡದೆ ಮಂಕಾಗಿ ಕೂರುತ್ತಾರೆ. ಅದನ್ನು ಉಡಾಫೆಯೆಂದು ಬೈಯುತ್ತ ನಿಂತರೆ ಹೊತ್ತು ಮೀರುತ್ತದೆ. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಕೂತಲ್ಲೇ 3 ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರದೆ ಸಕ್ಕರೆ ಕೊಡಿ. ಒಂಟಿಯಾಗಿ ಸ್ಟಾಫ್ ರೂಮಿಗೆ ಕಳಿಸಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

2. ಒಂದೇ ಫೋನ್ ನಂಬರ್ ಸಾಲದು. ನಮ್ಮಲ್ಲಿ ಬಹಳ ಪೋಷಕರು ಪವರ್‌ಲೂಮಿನಲ್ಲೋ ಗಾರ್ಮೆಂಟ್ಸಿನಲ್ಲೋ ಇರುತ್ತಾರೆ. ಮಗ್ಗದ ಸದ್ದಿನಲ್ಲಿ ರಿಂಗ್ ಯಾರಿಗೆ ಕೇಳಿಸೀತು?

3. ಮಾಲ್ಟ್ ಲೆಕ್ಕಕ್ಕೆ ಬರಲಿ. 2024ರಿಂದ ವಾರದಲ್ಲಿ 3 ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದೇವೆ. ಡಾಕ್ಟರು ಮೂರು ಹೊತ್ತಿನ ಊಟಕ್ಕೆ ಡೋಸ್ ಬರೆದಿರುತ್ತಾರೆ. ನಡುವೆ ಈ ಸಿಹಿ ಲೋಟವೊಂದು ಇದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬಿಸಿಯೂಟದ ವಾರದ ಪಟ್ಟಿ ಬರೆದುಕೊಡಿ, ಪೋಷಕರು ಆಸ್ಪತ್ರೆಗೆ ಒಯ್ಯಲಿ. ಅನ್ನ-ಸಾಂಬಾರು ಆಗದೆಂದು ಮಗುವನ್ನು ಪಂಕ್ತಿಯಿಂದ ಎಬ್ಬಿಸುವುದು ಬೇಡ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು, ಅಷ್ಟೇ. ಅವರಿಗೆ ಮೊದಲು ಬಡಿಸಿ.

4. ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳುವಂತೆ ಮಾಡಬೇಡಿ. ಸೂಜಿಗೆ ಮುಚ್ಚಳದ ಗಟ್ಟಿ ಡಬ್ಬಿ ಇಡಿ. ಕಸದ ಬುಟ್ಟಿಗೆ ಬಿದ್ದರೆ ಗುಡಿಸುವವರ ಕೈಗೆ ಚುಚ್ಚುತ್ತದೆ.

5. ಖೋ-ಖೋ, ಕಬಡ್ಡಿ ಬಿಡಿಸಬೇಡಿ. ಆಡುವ ಮುನ್ನ ಶುಗರ್ ನೋಡಿಕೊಳ್ಳಲಿ, ಪಿಇ ಮೇಷ್ಟ್ರ ಜೇಬಿನಲ್ಲಿ ಗ್ಲೂಕೋಸ್ ಇರಲಿ. ಆಟದ ಪರಿಣಾಮ ರಾತ್ರಿಯವರೆಗೂ ಇರಬಹುದೆಂದು ಮನೆಗೂ ಹೇಳಿ ಕಳಿಸಿ.

6. ಯಾವ ಮಗುವೇ ಆಗಲಿ, ಪದೇಪದೇ ನೀರು ಕುಡಿದು, ಮೂತ್ರಕ್ಕೆ ಹೋಗುತ್ತ, ಸೊರಗುತ್ತಿದ್ದರೆ ಅಂದೇ ಶುಗರ್ ನೋಡಿಸಿ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕೂರಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

7. ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಬಿಟ್ಟಿತು. ಎಸ್ಸೆಸ್ಸೆಲ್ಸಿಗೆ ಡಾಕ್ಟರ ಪತ್ರವನ್ನು ಮುಖ್ಯ ಅಧೀಕ್ಷಕರಿಗೆ ಮುಂಚೆಯೇ ಮುಟ್ಟಿಸಿ. ಬಾಗಿಲಲ್ಲಿ ವಾದ ಬೇಡ.

ಹೆಣ್ಣುಮಗಳಾದರೆ ಮುಂದಿನ ಮದುವೆಯ ಚಿಂತೆಗೆ ಕಾಯಿಲೆ ಮುಚ್ಚಿಡುವ ಮನೆಗಳಿವೆ. ಅಪ್ಪ-ಅಮ್ಮಂದಿರೇ, ಊರಿಗೆಲ್ಲ ಹೇಳಬೇಡಿ; ದಾಖಲಾತಿಯ ದಿನ ಹೆಡ್‌ಮೇಷ್ಟ್ರಿಗೂ ಕ್ಲಾಸ್ ಟೀಚರಿಗೂ ಹೇಳಿ.