ಸಸ್ಯಗಳು ಚಳಿಯನ್ನು ತಾಳುವ ಬಗೆ

ಪಶ್ಚಿಮ ಬಂಗಾಳದ ರೈತರು ಬೋರೊ ಭತ್ತದ ಬೀಜವನ್ನು ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಸಸಿಮಡಿಗೆ ಚೆಲ್ಲುತ್ತಾರೆ. ಸಸಿಗಳು ಎಳೆಯವಾಗಿರುವಾಗಲೇ ಚಳಿ ಬಲಿಯುತ್ತದೆ. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದು ಕೆಲವು ದಿನ ಹಾಗೆಯೇ ನಿಂತರೆ ಎಲೆಗಳು ಹಳದಿಗೆ ತಿರುಗುತ್ತವೆ. ಕೆಲವೊಮ್ಮೆ ಮಡಿಗೆ ಮಡಿಯೇ ಸಾಯುತ್ತದೆ. ಮತ್ತೆ ಬಿತ್ತಲು ಬೀಜ ದೊರೆತರೂ ಕಳೆದ ದಿನಗಳು ಮರಳಿ ಬಾರವು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತ ಬೆಳೆಯುವವರಿಗೂ ಈ ಚಿಂತೆ ಹೊಸದಲ್ಲ.

ಚಳಿಯ ಮೊದಲ ಪೆಟ್ಟು ಬೀಳುವುದು ಜೀವಕೋಶದ ಪೊರೆಯ ಮೇಲೆ. ಈ ಪೊರೆಯು ಮುಖ್ಯವಾಗಿ ಕೊಬ್ಬಿನ ಅಣುಗಳಿಂದ ಆದುದು. ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ತೆಳುವಾಗಿಯೇ ಇರುತ್ತದೆ; ಇದನ್ನು ಕಾಣದ ಗೃಹಿಣಿಯರಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಪೊರೆಯ ಕೊಬ್ಬಿನಲ್ಲಿಯೂ ಇಂತಹ ಆಮ್ಲಗಳ ಪ್ರಮಾಣ ಕಡಿಮೆಯಿದ್ದರೆ ತಂಪಿನಲ್ಲಿ ಪೊರೆ ಬಿಗಿಯುತ್ತದೆ, ಸೋರತೊಡಗುತ್ತದೆ. ಚಳಿ ತಾಳುವ ಸಸ್ಯಗಳು ಉಷ್ಣತೆ ಇಳಿದಂತೆಲ್ಲ ಅಪರ್ಯಾಪ್ತ ಆಮ್ಲಗಳನ್ನು ಹೆಚ್ಚಿಸಿಕೊಂಡು ಪೊರೆಯನ್ನು ಮೃದುವಾಗಿ ಉಳಿಸಿಕೊಳ್ಳುತ್ತವೆ.

ಚಳಿ ಬಂದಿತೆಂಬ ಸುದ್ದಿ ಕೋಶಕ್ಕೆ ಮುಟ್ಟುವುದೂ ಪೊರೆಯ ಮೂಲಕವೇ. ಪೊರೆಯ ಮಾರ್ಗಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಸಂಕೇತ ಕೋಶಕೇಂದ್ರವನ್ನು ತಲುಪುತ್ತದೆ. ಅಲ್ಲಿ ಐಸ್-1 ಎಂಬ ಪ್ರೋಟೀನು ಸಿಬಿಎಫ್ ಎಂಬ ಜೀನುಗಳನ್ನು ಎಚ್ಚರಿಸುತ್ತದೆ. ಅವು ರಕ್ಷಣೆಯ ಹಲವಾರು ಜೀನುಗಳಿಗೆ ಚಾಲನೆ ನೀಡುತ್ತವೆ. ಸಾಸಿವೆ ಕುಲದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಐಸ್-1 ಪತ್ತೆಯಾದುದು 2003ರಲ್ಲಿ. ಈ ಸಿದ್ಧತೆಗೆ ಕಾಲಾವಕಾಶ ಬೇಕು. ಕೆಲವು ದಿನ ಹದವಾದ ತಂಪನ್ನುಂಡ ಗೋಧಿಯ ಸಸಿ ಹೆಪ್ಪುಗಟ್ಟುವ ಚಳಿಯನ್ನೂ ಸಹಿಸುತ್ತದೆ. ದಿಢೀರನೆ ಅದೇ ಚಳಿಗೆ ಸಿಕ್ಕಿದರೆ ಸಾಯುತ್ತದೆ. ಭತ್ತದಲ್ಲಿಯೂ ಇದೇ ಬಗೆಯ ಜೀನುಗಳಿವೆ. ಆದರೆ ಉಷ್ಣವಲಯದ ಈ ಬೆಳೆಗೆ ಗೋಧಿಯಷ್ಟು ಒಗ್ಗಿಕೊಳ್ಳುವ ಶಕ್ತಿಯಿಲ್ಲ.

ಹೆಪ್ಪುಗಟ್ಟುವ ಚಳಿಯಲ್ಲಿ ಮಂಜುಗಡ್ಡೆ ಮೊದಲು ಕೋಶಗಳ ಹೊರಗಡೆ ಮೂಡಿ ಒಳಗಿನ ನೀರನ್ನು ಸೆಳೆದುಕೊಳ್ಳುತ್ತದೆ. ಉಪ್ಪು ನೆಲವೂ ಬರಗಾಲವೂ ಮಾಡುವುದು ಇದನ್ನೇ: ಕೋಶವನ್ನು ಒಣಗಿಸುವುದು. ಆದುದರಿಂದ ಉಪ್ಪನ್ನು ಕುರಿತ ಸಂಶೋಧನೆ ಚಳಿಯ ಅಧ್ಯಯನಕ್ಕೂ ಬೆಳಕು ಚೆಲ್ಲುತ್ತದೆ. ಜಗದೀಶ ಚಂದ್ರ ಬೋಸರು 1917ರಲ್ಲಿ ಸ್ಥಾಪಿಸಿದ ಬೋಸ್ ಇನ್‌ಸ್ಟಿಟ್ಯೂಟ್‌ನ ಹೊಸ ಆವರಣ ಕೋಲ್ಕತ್ತಾದ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿದೆ. ಒಂದು ಕಾಲಕ್ಕೆ ಉಪ್ಪುನೀರಿನ ಜೌಗಾಗಿದ್ದ ಪ್ರದೇಶವಿದು! ಈ ಸಂಸ್ಥೆಯ ವಿಜ್ಞಾನಿಗಳು ಸುಂದರಬನದಂತಹ ಉಪ್ಪುನೀರಿನ ದಡಗಳಲ್ಲಿ ಬೆಳೆಯುವ, ಭತ್ತದ ಸಂಬಂಧಿಯಾದ ಕಾಡುಹುಲ್ಲೊಂದರಿಂದ ಇನೋಸಿಟಾಲ್ ತಯಾರಿಕೆಯ ಜೀನನ್ನು ತೆಗೆದು ತಂಬಾಕಿನ ಗಿಡಕ್ಕೆ ಸೇರಿಸಿ, ಆ ಗಿಡ ಉಪ್ಪನ್ನು ಹೆಚ್ಚು ತಾಳುವುದನ್ನು 2004ರಲ್ಲಿ ಪ್ರಕಟಿಸಿದರು. ಗಮನಿಸಬೇಕಾದುದೇನೆಂದರೆ, ಚಳಿಯಲ್ಲಿ ಅನೇಕ ಸಸ್ಯಗಳು ಶೇಖರಿಸುವ ರಾಫಿನೋಸ್ ಸಕ್ಕರೆಯ ತಯಾರಿಕೆಗೂ ಇನೋಸಿಟಾಲ್ ಬೇಕು.

ಭತ್ತದ ಚಳಿಯ ಗ್ರಹಿಕೆಯಲ್ಲಿ ಪಾತ್ರವಹಿಸುವ ಕೋಲ್ಡ್-1 ಎಂಬ ಜೀನನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಚಳಿ ತಾಳುವ ಜಪಾನಿಕಾ ತಳಿಗಳಿಗೂ ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಇಂಡಿಕಾ ತಳಿಗಳಿಗೂ ಈ ಜೀನಿನ ಒಂದೇ ಒಂದು ಅಕ್ಷರದಲ್ಲಿ ಮಹತ್ವದ ವ್ಯತ್ಯಾಸವಿದೆ. ಆದರೂ ಒಂದು ಜೀನನ್ನು ಬದಲಿಸಿದೊಡನೆ ಎಲ್ಲವೂ ಸರಿಹೋಗುವುದೆಂದು ನಂಬುವುದು ಆತುರವಾದೀತು. ಸಸಿಯಲ್ಲಿ ಚಳಿ ತಾಳಿದ ತಳಿಯೇ ತೆನೆಯೊಡೆಯುವ ಮುನ್ನ ಚಳಿ ತಗುಲಿ, ಪರಾಗ ಕೆಟ್ಟು, ಜೊಳ್ಳಾಗಬಹುದು.

ಸದ್ಯಕ್ಕೆ ಸಸಿಮಡಿಯನ್ನು ಉಳಿಸುವ ಉಪಾಯ ಸರಳವಾದುದು. ಕೊಳವೆ ಬಾವಿಯ ನೀರು ಚಳಿಗಾಲದ ರಾತ್ರಿಯ ಗಾಳಿಗಿಂತ ಬೆಚ್ಚಗಿರುತ್ತದೆ. ಅದನ್ನು ಸಂಜೆ ಮಡಿಗೆ ಹಾಯಿಸಿ, ತಣ್ಣಗಾದ ನೀರನ್ನು ಬೆಳಿಗ್ಗೆ ಬಸಿಯಬೇಕು. ಭತ್ತದ ಎಳೆಸಸಿಯ ಬೆಳೆಯುವ ಕುಡಿ ಬುಡದಲ್ಲಿಯೇ ಇರುವುದರಿಂದ, ಮೇಲಿನ ಎಲೆ ಬಾಡಿದರೂ ನೀರಿನೊಳಗಿನ ಕುಡಿ ರಾತ್ರಿಯನ್ನು ದಾಟುತ್ತದೆ.