ಮಲೆನಾಡಿನ ಸಿಳ್ಳಾರ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಘಟ್ಟದ ಊರುಗಳಿಗೆ ಮದುವೆಯಾಗಿ ಹೋದವರು, ಮಳೆಗಾಲದ ನಸುಕಿನಲ್ಲಿ ಹಳ್ಳದ ಕಡೆಯಿಂದ ಯಾರೋ ಸಿಳ್ಳು ಹಾಕುವುದನ್ನು ಕೇಳಿ ಬೆಚ್ಚಿರಬಹುದು. ರಾಗವೊಂದನ್ನು ಹಿಡಿದಂತೆ ಹಿಡಿದು, ನಡುವೆ ಮರೆತಂತೆ ನಿಂತು, ಮತ್ತೆ ಬೇರೊಂದು ಸ್ವರದಿಂದ ತೊಡಗುವ ಆ ಸಿಳ್ಳು ಮನುಷ್ಯನದಲ್ಲ, ಸಿಳ್ಳಾರವೆಂಬ ಪಕ್ಷಿಯದು. ಆಂಗ್ಲರು ಇದನ್ನು ಸಿಳ್ಳು ಹಾಕುವ ಶಾಲಾಬಾಲಕನೆಂದು ಕರೆದರು. ಬಾಲಿಕೆಯೆನ್ನದೆ ಬಾಲಕನೆಂದದ್ದು ನಮ್ಮ ಶಾಲೆಯ ಪುಣ್ಯ!

ಸುಮಾರು 25 ಸೆಂಟಿಮೀಟರ್ ಉದ್ದದ ಈ ಹಕ್ಕಿಯು ಮರದ ನೆರಳಿನಲ್ಲಿ ಬರಿಯ ಕಪ್ಪಾಗಿ ತೋರುವುದು. ಎಲೆಗಳ ಸಂದಿನಿಂದ ಬಿಸಿಲು ಬಿದ್ದೊಡನೆ ಹಣೆಯೂ ಹೆಗಲೂ ಉಜ್ವಲವಾದ ನೀಲವರ್ಣದಿಂದ ಹೊಳೆಯುವುವು. ಈ ನೀಲಿಯ ಕಾರಣವು ಅರಿಯತಕ್ಕದ್ದು. ಇಂತಹ ಗರಿಗಳಲ್ಲಿ ನೀಲಿಯ ಬಣ್ಣದ ದ್ರವ್ಯವೆಂಬುದಿಲ್ಲ; ಗರಿಯೊಳಗಿನ ಅತಿ ಸೂಕ್ಷ್ಮವಾದ ರಚನೆಯು ಬೆಳಕಿನ ನೀಲ ಕಿರಣಗಳನ್ನು ಆರಿಸಿ ನಮ್ಮ ಕಣ್ಣಿಗೆ ಮರಳಿಸುತ್ತದೆ. ನೀಲಿ ಗರಿಯನ್ನು ಅರೆದು ಪುಡಿಮಾಡಿದರೆ ನೀಲಿಯೇ ಮಾಯವಾಗುವುದು. ಸೃಷ್ಟಿಕರ್ತನ ಕೈಚಳಕವನ್ನು ಏನೆನ್ನೋಣ! ಗಂಡು ಹೆಣ್ಣುಗಳಿಗೆ ಒಂದೇ ಉಡುಪು.

1831ರಲ್ಲಿ ವಿಗರ್ಸ್ ಎಂಬ ಪಂಡಿತನು ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಪಶ್ಚಿಮ ಘಟ್ಟಗಳೇ ಇದರ ಮುಖ್ಯವಾದ ನೆಲೆ. ಆಗುಂಬೆ, ಕೊಡಗು, ಬಾಬಾಬುಡನ್ ಗಿರಿಗಳಲ್ಲಿ ಕಾಣಬಹುದು. ಇದಕ್ಕೆ ಕಾಡು ಮಾತ್ರವಿದ್ದರೆ ಸಾಲದು. ಕಾಡಿನೊಳಗೆ ಹರಿಯುವ ತೊರೆಯಿರಬೇಕು, ತೊರೆಯಲ್ಲಿ ಬಂಡೆಗಳಿರಬೇಕು. ಏಡಿ, ಬಸವನಹುಳು, ಕಪ್ಪೆ, ಕೀಟ, ಕಾಡುಹಣ್ಣುಗಳೇ ಆಹಾರ. ಗೂಡನ್ನು ಪಾಚಿ, ಬೇರು, ಕೆಸರುಗಳಿಂದ ಬಂಡೆಯ ಸಂದಿನಲ್ಲಿ, ಕೆಲವೊಮ್ಮೆ ಜಲಪಾತದ ಹಿಂಬದಿಯಲ್ಲಿಯೂ ಕಟ್ಟುವುದು. ಸಾಮಾನ್ಯವಾಗಿ ಎರಡು ಮೂರು ಮೊಟ್ಟೆಗಳು. ಕಾವು ಕೊಡುವ ಕಷ್ಟವನ್ನು ತಂದೆತಾಯಿಗಳಿಬ್ಬರೂ ಹಂಚಿಕೊಳ್ಳುವರು.

ಇಂಪಾದ ಕಂಠವೇ ಇದಕ್ಕೆ ಮುಳುವಾದದ್ದೂ ಉಂಟು. ಹಿಂದಿನ ಕಾಲದಲ್ಲಿ ಇದನ್ನು ಪಂಜರದಲ್ಲಿ ಸಾಕಿ ಮನುಷ್ಯರ ರಾಗಗಳನ್ನು ಇಡಿಯಾಗಿ ಕಲಿಸುತ್ತಿದ್ದರು. ಕಲಿಯಿತೆಂಬುದು ನಿಜ, ಆದರೆ ತೊರೆಯಿಲ್ಲದ ಆ ಹಾಡು ಯಾರ ಹಾಡು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೆಸೆಯಿಂದ ಕಾಡುಹಕ್ಕಿಯನ್ನು ಹಾಗೆ ಸೆರೆಯಿಡುವುದು ಈಗ ಅಪರಾಧ. ಪಂಜರವು ತಪ್ಪಿತು, ತೊರೆಯ ಮಾತು ಬೇರೆ. ದಂಡೆಯ ಮರಗಳನ್ನು ಕಡಿದು, ನೀರನ್ನು ಬೇರೆಡೆಗೆ ತಿರುಗಿಸಿದಲ್ಲಿ ಏಡಿಯೆಲ್ಲಿ, ಗೂಡಿನ ತಂಪೆಲ್ಲಿ? ತೋಟದ ಅಂಚಿನಲ್ಲಿ ಹಳ್ಳವನ್ನೂ ಅದರ ಮರಗಳನ್ನೂ ಉಳಿಸಿಕೊಂಡಿರುವ ತಾಯಂದಿರು ಮುಂದಿನ ಜೂನ್ ತಿಂಗಳಲ್ಲೊಂದು ದಿನ ಕೋಳಿ ಕೂಗುವ ಹೊತ್ತಿಗೆ ಮಕ್ಕಳನ್ನೆಬ್ಬಿಸಿ ಜಗಲಿಯಲ್ಲಿ ಕುಳ್ಳಿರಿಸಲಿ. ದೀಪ ಹಚ್ಚಬೇಡಿರಿ, ಮೊದಲ ಸಿಳ್ಳು ಕತ್ತಲೆಯಲ್ಲಿಯೇ ಬರುವುದು.