ಮೆಮೊರಿ ಕಾರ್ಡ್ ಕೆಟ್ಟರೆ ಮೊದಲು ಏನು ಮಾಡಬೇಕು?



ವಿಮೆ ಮಾಡಿಸಿದ ಆಕಳೋ ಎಮ್ಮೆಯೋ ಸತ್ತಾಗ ಕಿವಿಯೋಲೆಯ 12 ಅಂಕಿ ಸ್ಪಷ್ಟವಾಗಿ ಕಾಣುವ ಫೋಟೊ ಕೈಯಲ್ಲಿದ್ದರೆ ಕೆಲಸ ಹಗುರ. ಅಂಥ ಹೊತ್ತಿನಲ್ಲೇ ಮೊಬೈಲ್ 'ಎಸ್‌ಡಿ ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ' ಎಂದರೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸದಸ್ಯರೂ ಸಂಘದ ಕಾರ್ಯದರ್ಶಿಗಳೂ ಒಂದು ಮಾತು ನೆನಪಿಡಿ: ಫಾರ್ಮ್ಯಾಟ್ ಒತ್ತಬೇಡಿ.

ಕೆಟ್ಟದ್ದು ಏನು?

ಕಾರ್ಡ್‌ನಲ್ಲಿ ಫೋಟೊಗಳ ಜೊತೆಗೆ ಯಾವ ಫೋಟೊ ಎಲ್ಲಿದೆ ಎಂಬ ಪಟ್ಟಿಯೂ ಇರುತ್ತದೆ. ಸಾಮಾನ್ಯವಾಗಿ ಕೆಡುವುದು ಈ ಪಟ್ಟಿ. ಸಂಘದ ರಜಿಸ್ಟರಿನ ಮೊದಲ ಪುಟ ಹರಿದರೆ ಒಳಗಿನ ಲೆಕ್ಕ ಅಳಿಸುವುದಿಲ್ಲ, ಹುಡುಕುವುದು ಮಾತ್ರ ಕಷ್ಟವಾಗುತ್ತದೆ. ಇದೂ ಹಾಗೆಯೇ. ಫೋಟೊ ಉಳಿಯುತ್ತಿರುವಾಗ ಕಾರ್ಡ್ ಕಿತ್ತರೆ, ಬ್ಯಾಟರಿ ಸತ್ತು ಮೊಬೈಲ್ ಆರಿದರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಹಳೆಯ ಇಲ್ಲವೆ ನಕಲಿ ಕಾರ್ಡ್‌ಗಳಲ್ಲಿ ಈ ತೊಂದರೆ ಹೆಚ್ಚು.

ಮಾಡಬೇಕಾದ ಕ್ರಮ

1. ಹೊಸ ಫೋಟೊ, ವಿಡಿಯೊ ತೆಗೆಯಬೇಡಿ. ಹೊಸದು ಹಳೆಯದರ ಜಾಗದಲ್ಲಿ ಕೂತರೆ ಹಳೆಯದು ಮತ್ತೆ ಸಿಗುವುದಿಲ್ಲ.

2. ಮೊಬೈಲ್ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಹೊಳೆಯುವ ಪಟ್ಟಿಗಳನ್ನು ಒಣ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೆ ಹಾಕಿ. ಅದೂ ಫಾರ್ಮ್ಯಾಟ್ ಕೇಳಿದರೆ 'ಕ್ಯಾನ್ಸಲ್' ಒತ್ತಿ.

3. ಕಾಣುವ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ.

4. ಏನೂ ಕಾಣದಿದ್ದರೆ 'ಫೋಟೊರೆಕ್' ಎಂಬ ಉಚಿತ ತಂತ್ರಾಂಶ ಬಳಸಿ. ಅದು ಕೆಟ್ಟ ಪಟ್ಟಿಯನ್ನು ನಂಬದೆ ಫೋಟೊಗಳನ್ನೇ ನೇರವಾಗಿ ಗುರುತಿಸುತ್ತದೆ. ಹಳೆಯ ಹೆಸರುಗಳು ಉಳಿಯುವುದಿಲ್ಲ. ಸಿಕ್ಕಿದ್ದನ್ನು ಅದೇ ಕಾರ್ಡ್‌ಗೆ ಅಲ್ಲ, ಕಂಪ್ಯೂಟರಿಗೆ ಉಳಿಸಿ. ಕಂಪ್ಯೂಟರ್ ಬಲ್ಲ ಯುವಕರ ನೆರವು ಪಡೆಯಿರಿ.

5. ದುರಸ್ತಿ ಕೊನೆಗೆ. ವಿಂಡೋಸ್‌ನಲ್ಲಿ ಕಾರ್ಡ್‌ನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್' ಆರಿಸಿ. ಇದು ಪಟ್ಟಿಯನ್ನು ತಿದ್ದಿ ಬರೆಯುವುದರಿಂದ ಕಾಪಿಗೆ ಮೊದಲು ಮಾಡಬಾರದು.

ಎಲ್ಲ ಸಿಕ್ಕ ಮೇಲೆ ಮೊಬೈಲ್‌ನಲ್ಲೇ ಫಾರ್ಮ್ಯಾಟ್ ಮಾಡಿ. ತೊಂದರೆ ಮರುಕಳಿಸಿದರೆ ಆ ಕಾರ್ಡ್ ಬಿಟ್ಟುಬಿಡಿ. ಯಾವ ಕಂಪ್ಯೂಟರಿನಲ್ಲೂ ಕಾರ್ಡ್ ಕಾಣಿಸಿಕೊಳ್ಳದಿದ್ದರೆ ಈ ಉಪಾಯಗಳು ನಡೆಯವು, ಪರಿಣತರಿಗೇ ತೋರಿಸಬೇಕು.

ಗಮನಿಸಿ: ಹೊಸ ಕಾರ್ಡ್ ಹಾಕಿದಾಗ ಕೆಲವು ಮೊಬೈಲ್‌ಗಳು 'ಪೋರ್ಟಬಲ್' ಬೇಕೋ 'ಇಂಟರ್ನಲ್' ಬೇಕೋ ಎಂದು ಕೇಳುತ್ತವೆ. 'ಪೋರ್ಟಬಲ್' ಆರಿಸಿ. 'ಇಂಟರ್ನಲ್' ಆರಿಸಿದ ಕಾರ್ಡನ್ನು ಬೇರೆ ಮೊಬೈಲ್ ಆಗಲಿ, ಕಂಪ್ಯೂಟರ್ ಆಗಲಿ ಓದಲಾರದು.

ಮುಂಜಾಗ್ರತೆ

ಕಾರ್ಡ್ ತೆಗೆಯುವ ಮೊದಲು ಸೆಟ್ಟಿಂಗ್ಸ್‌ನ 'ಸ್ಟೋರೇಜ್'ನಲ್ಲಿ 'ಇಜೆಕ್ಟ್' ಒತ್ತಿ. ಬ್ಯಾಟರಿ ಪೂರ್ತಿ ಇಳಿಯುವವರೆಗೆ ಫೋಟೊ ತೆಗೆಯುತ್ತ ಕೂರಬೇಡಿ. ಪ್ರತಿ ರಾಸಿನ ಫೋಟೊ ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಇರಲಿ. ಕಿವಿಯೋಲೆಯ 12 ಅಂಕಿಗಳನ್ನು ಒಂದು ವಹಿಯಲ್ಲಿ ಪೆನ್ನಿನಿಂದ ಬರೆದಿಡಿ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಈ ಕೆಲಸಕ್ಕೆ ಹತ್ತು ನಿಮಿಷ ಸಾಕು.